ಸೆಲ್ವಿ ತೋರಿಸುವ ಚಿನ್ನದೂರು

ಬಂಗಾರಪೇಟೆ ಜಂಕ್ಷನ್‌ನ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೆಲ್ವಿ ತಮ್ಮ ಆಟೊದ ಗಾಜಿನ ಮೇಲೆ ಕೂತ ಇಬ್ಬನಿಯನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದಾರೆ. ಖಾಕಿ ಅಂಗಿಯ ಮೇಲೆ ಪ್ರವಾಸಿ ಮಾರ್ಗದರ್ಶಿಯ ಬ್ಯಾಡ್ಜ್ ತೂಗುತ್ತಿದೆ. ಚೆನ್ನೈ ಕಡೆಯ ರೈಲಿನಿಂದ ಇಳಿದ ದಂಪತಿ ಕೋಟಿಲಿಂಗೇಶ್ವರಕ್ಕೆ ಬರುತ್ತೀರಾ ಎಂದು ತಮಿಳಿನಲ್ಲಿ ಕೇಳುತ್ತಾರೆ. ಸೆಲ್ವಿ ಒಪ್ಪಿ, ಸ್ವಲ್ಪ ಹೊತ್ತು ಕೊಟ್ಟರೆ ಚಿನ್ನದ ಗಣಿಯಿದ್ದ ತಮ್ಮೂರು ಊರಿಗಾಂ ಕೂಡ ತೋರಿಸುವುದಾಗಿ ಹೇಳುತ್ತಾರೆ. ಅದಕ್ಕೆ ಬೇರೆ ಬಾಡಿಗೆ ಕೇಳುವುದಿಲ್ಲ.

"ದೇವರನ್ನ ನೋಡಕ್ಕೆ ಎಲ್ರೂ ಬತ್ತಾರೆ. ನಮ್ಮೂರು ನೋಡಕ್ಕೂ ಒಂದಷ್ಟು ಜನ ಬರ್ಲಿ ಅಂತ ಅಷ್ಟೇ," ಎಂದು ಅವರ ಕತೆ ಬರೆಯಲು ಜೊತೆಗೆ ಬಂದಿರುವ ನನಗೆ ಹೇಳುತ್ತಾರೆ.

ಊರಿಗಾಂನಲ್ಲಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದವರು ಸೆಲ್ವಿ. ಅಪ್ಪ ಗಣಿ ಕಾರ್ಮಿಕ. ಗಣಿಯ ಸೈರನ್ ಕೂಗಿದರೆ ಇಡೀ ಲೈನು ಏಳುತ್ತಿತ್ತು, ಮತ್ತೆ ಕೂಗಿದರೆ ಉಣ್ಣುತ್ತಿತ್ತು. ಅಪ್ಪ ಪಾಳಿ ಮುಗಿಸಿ ಬರುವಾಗ ರೆಪ್ಪೆಯ ಮೇಲೂ ಬೂದು ಧೂಳು. ಅಮ್ಮ ಮಾರಿಯಮ್ಮ ಸೈರನ್ ಕೇಳಿದೊಡನೆ ಸ್ನಾನಕ್ಕೆ ನೀರು ಕಾಯಿಸಲು ಒಲೆ ಹೊತ್ತಿಸುತ್ತಿದ್ದರು. ಡಿಸೆಂಬರ್ ಬಂದರೆ ಹಿಂದೂಗಳ ಮನೆ, ಕ್ರೈಸ್ತರ ಮನೆ ಎನ್ನದೆ ಬಾಗಿಲಿಗೆಲ್ಲ ಕಾಗದದ ನಕ್ಷತ್ರ ಕಟ್ಟುತ್ತಿದ್ದರು. ಗಣಿ ನಿಂತ ಮೇಲೆ ಆ ಬಾಗಿಲುಗಳಲ್ಲಿ ಅರ್ಧಕ್ಕರ್ಧ ಮುಚ್ಚಿವೆ.

ಗಂಡ ರಾಜ್‌ಕುಮಾರ್ ಆಟೊ ಓಡಿಸುತ್ತಿದ್ದವರು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸೆಲ್ವಿಯೇ ಹ್ಯಾಂಡಲ್ ಹಿಡಿದರು. ಸ್ಟ್ಯಾಂಡಿನಲ್ಲಿ ನಕ್ಕವರೇ ಕ್ರಮೇಣ ಗಿರಾಕಿ ಕಳಿಸತೊಡಗಿದರು. ಸಂಸಾರ ಒಂದು ದಾರಿಗೆ ಬಂತು ಎನ್ನುವಾಗ ಕೊರೊನಾ ಬಂತು. ರೈಲು ನಿಂತವು, ದೇವಸ್ಥಾನ ಮುಚ್ಚಿತು. ಬಸ್ಸು ಮತ್ತೆ ಓಡತೊಡಗಿದ ಮೇಲೆ ಸೆಲ್ವಿ ಹತ್ತಿರದ ಬೂದಿಕೋಟೆಗೆ ಹೋಗಿ, ತಮ್ಮ ಆಟೊದಲ್ಲಿ ಓಡಾಡುತ್ತಿದ್ದ ಅಮ್ಮಾಜಮ್ಮನವರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದರು. ಅಮ್ಮಾಜಮ್ಮ ಕೂಲಿಯ ಜೊತೆಗೆ ರಾಗಿ ಹಿಟ್ಟನ್ನೂ ಕಟ್ಟಿಕೊಡುತ್ತಿದ್ದರು. ಮನೆ ಮುಂದೆ ಆಟೊ ತುಕ್ಕು ಹಿಡಿಯುತ್ತಿತ್ತು. ಆಂಡರ್ಸನ್‌ಪೇಟೆಯ ಗುಜರಿಯವನು ಬಂದು ತಟ್ಟಿ ನೋಡಿಕೊಂಡು ಹೋಗಿದ್ದ.

ಅಷ್ಟರಲ್ಲಿ ಸರ್ಕಾರ ಚಾಲಕರಿಗೆ ಕೊಟ್ಟ ಪರಿಹಾರ ಖಾತೆಗೆ ಬಿತ್ತು. ರಾಜ್‌ಕುಮಾರ್ ಅಕ್ಕಿ, ಎಣ್ಣೆ ತರೋಣ ಎಂದರು. ಸೆಲ್ವಿ ಹೋಗಿ ಆಟೊಗೆ ಬ್ಯಾಟರಿ ತಂದರು.

"ಅಕ್ಕಿ ತಂದಿದ್ರೆ ತಿಂದು ಮುಗೀತಿತ್ತು ಸಾರ್. ನಮ್ಮೆಜಮಾನ್ರು ಮಾತ್ರ ನನ್ನ ಮುಖ ನೋಡ್ಲಿಲ್ಲ. ಗಾಡಿ ಸ್ಟಾರ್ಟ್ ಆದ ದಿನ ಗೋಡೆ ಇಡ್ಕೊಂಡು ಆಚೆ ಬಂದ್ರು. ಇಂದ್ಗಡೆ ಸೀಟ್ನಾಗೆ ಕೂತ್ಕೊಂಡು, ಮಾರಿಕುಪ್ಪಂಗಂಟ ಓಗ್ಬಿಟ್ ಬರಾಣ ನಡಿ ಅಂದ್ರು."

ಗಾಡಿ ಓಡಿತು. ಆದರೆ ಹತ್ತುವವರಿರಲಿಲ್ಲ. ಪ್ರವಾಸೋದ್ಯಮ ಮತ್ತೆ ಚೇತರಿಸಿಕೊಳ್ಳಲೆಂದು ಸ್ಥಳೀಯರಿಗೆ ಮಾರ್ಗದರ್ಶಿ ತರಬೇತಿ ಕೊಡುತ್ತಾರೆಂಬ ಸುದ್ದಿ ಸ್ಟ್ಯಾಂಡಿಗೆ ಬಂದಾಗ ಸೆಲ್ವಿ ಹೆಸರು ಬರೆಸಿದರು. ಕೊನೆಯ ದಿನ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಊರಿನ ಬಗ್ಗೆ ಮಾತಾಡಬೇಕಿತ್ತು. ಉಳಿದವರು ಗಣಿಯ ಆಳ, ತೆಗೆದ ಚಿನ್ನದ ತೂಕ ಒಪ್ಪಿಸಿದರು. ಸೆಲ್ವಿಗೆ ಬಾಯಿಪಾಠ ಮರೆತುಹೋಯಿತು. ಕೂತುಬಿಡೋಣ ಎಂದುಕೊಂಡವರಿಗೆ ಅಮ್ಮನ ನೆನಪಾಗಿ, ಅದನ್ನೇ ಹೇಳಿದರು.

"ಗಣಿ ಮುಚ್ಚಿದ್ರು, ಸೈರನ್ ನಿಂತೋಯ್ತು. ನಮ್ಮಮ್ಮ ಮಾತ್ರ ಅದೇ ಒತ್ತಿಗೆ ಎದ್ದು ನೀರು ಕಾಯಿಸೋಳು. ಯಾರಿಗಮ್ಮ ಅಂದ್ರೆ, ಅಭ್ಯಾಸ ಕಣೆ ಅನ್ನೋಳು. ನಮ್ಮಪ್ಪ ಆ ನೀರ್ನಾಗೆ ಸುಮ್ನೆ ಸ್ನಾನ ಮಾಡೋರು. ಮೈಮೇಲೆ ಧೂಳೇ ಇರ್ತಿರ್ಲಿಲ್ಲ."

ತರಬೇತಿ ಕೊಡುತ್ತಿದ್ದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಕೊರಳಿನ ಬ್ಯಾಡ್ಜ್ ಬಂದದ್ದು ಹೀಗೆ.

ಈಗ ವಾರದ ಕೊನೆಗೆ ನಾಲ್ಕೈದು ಕುಟುಂಬಗಳಾದರೂ ಸಿಗುತ್ತವೆ. ಕೆಲವರು ಚಿನ್ನ ಬೇರ್ಪಡಿಸಿ ಸುರಿದ ಮಣ್ಣಿನ ಸೈನೈಡ್ ಗುಡ್ಡದ ಮುಂದೆ ಫೋಟೊ ತೆಗೆದುಕೊಂಡು ಚಿನ್ನ ಎಲ್ಲಿದೆ ಎಂದು ಕೇಳುತ್ತಾರೆ. ಇನ್ನು ಕೆಲವರು ಇಲ್ಲೇ ಹುಟ್ಟಿ ಎಲ್ಲೋ ನೆಲೆಸಿದವರು. ತಮ್ಮ ಲೈನಿನ ಮೂಲೆ ಬಂದೊಡನೆ ಆಟೊ ನಿಲ್ಲಿಸಲು ಹೇಳಿ, ಇಳಿದು ಸುಮ್ಮನೆ ನಿಲ್ಲುತ್ತಾರೆ. ಅಂಥವರನ್ನು ಸೆಲ್ವಿ ಅವಸರಪಡಿಸುವುದಿಲ್ಲ.

ಇಂದಿನ ದಂಪತಿ ದೇವಸ್ಥಾನದ ಬಾಗಿಲಲ್ಲಿ ಇಳಿದು ಒಳಗೆ ಹೋಗಿದ್ದಾರೆ. ನೆರಳಿಗೆ ಗಾಡಿ ಹಾಕಿದ ಸೆಲ್ವಿಯನ್ನು, ಸರ್ಕಾರದಿಂದ ಇನ್ನೇನು ಬೇಕು ಎಂದು ಕೇಳುತ್ತೇನೆ.

"ಗಣಿ ಕೆಳಗೆಲ್ಲ ನೀರು ತುಂಬ್ಕೊಂಡೈತೆ ಅಂತಾರೆ. ಎಂದಾದ್ರೂ ನೀರು ತೆಗೆದು, ನೋಡೋರ್ನ ಗಣಿಯೊಳಗೆ ಬಿಟ್ರೆ ಮೊದಲ್ನೇ ಟಿಕೆಟ್ ನಂದೇ ಸಾರ್. ಅವತ್ತು ನಾನು ಗೈಡ್ ಅಲ್ಲ. ನಮ್ಮಪ್ಪ ಎಲ್ಲಿ ಕೂತು ಬುತ್ತಿ ತಿಂತಿದ್ರು ಅಂತ ನೋಡ್ಕೊಂಡ್ ಬತ್ತೀನಿ."