ಎರಡೂವರೆ ಕಿಲೋದ ಮೇಲಿನ ಸಂಶಯ

ಮಗುವಿನ ತೂಕ ನೋಡುವಾಗ ಅವರು ಮೂಗು ತಕ್ಕಡಿಯ ಮುಳ್ಳಿಗೆ ತಾಗುವಷ್ಟು ಬಗ್ಗಿ, ಬಲಗಣ್ಣನ್ನು ಕಿರಿದು ಮಾಡಿ, ಉಸಿರು ಹಿಡಿದು ನಿಲ್ಲುತ್ತಿದ್ದರು. ಆಮೇಲೆ ಮಗುವನ್ನು ಎತ್ತಿ, ಮುಳ್ಳು ಸೊನ್ನೆಗೆ ಬಂದಿತೇ ಎಂದು ನೋಡಿ, ಮತ್ತೊಮ್ಮೆ ಮಲಗಿಸುತ್ತಿದ್ದರು. ಅಂಕೋಲಾದ ಹತ್ತಿರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅವರು ಹಿರಿಯ ನರ್ಸ್. ಊರವರಿಗೆಲ್ಲ ನರ್ಸಬಾಯಿ.

ಕಡಿಮೆ ತೂಕದಲ್ಲಿ ಹುಟ್ಟುವ ಮಕ್ಕಳ ಅಧ್ಯಯನವೊಂದಕ್ಕೆ ಮಾಹಿತಿ ಬರೆದುಕೊಳ್ಳಲು ನಾನು ಕಾರವಾರದಿಂದ ದಿನಾ ಅಲ್ಲಿಗೆ ಹೋಗುತ್ತಿದ್ದೆ. ಎರಡೂವರೆ ಕಿಲೋಕ್ಕಿಂತ ಕೆಳಗಿದ್ದರೆ ‘ಕಡಿಮೆ ತೂಕ’. ಅಂಥ ಮಗುವನ್ನು ಬೇಗ ಮನೆಗೆ ಕಳಿಸುವಂತಿಲ್ಲ, ಮೇಲಿನವರಿಗೆ ವರದಿಯನ್ನೂ ಕೊಡಬೇಕು. ಆದರೆ ರಿಜಿಸ್ಟರಿನ ಪುಟಪುಟದಲ್ಲೂ ಸರಿಯಾಗಿ ಎರಡೂವರೆ ಕಿಲೋದ ಮಕ್ಕಳೇ. ಇಷ್ಟೊಂದು ಮಕ್ಕಳು ಗೆರೆಯ ಮೇಲೆಯೇ ಹುಟ್ಟುತ್ತಾರೆಯೇ? ಕೆಲಸ ತಪ್ಪಿಸಿಕೊಳ್ಳಲು ನರ್ಸಬಾಯಿಯೇ ಹೀಗೆ ಬರೆಯುತ್ತಾರೆಂದು ನನಗೆ ಗುಮಾನಿ. ನನ್ನನ್ನು ಯಾರೋ ತಪ್ಪು ಹುಡುಕಲು ಕಳಿಸಿದ್ದಾರೆಂದು ಅವರಿಗೆ. ರಿಜಿಸ್ಟರ್ ಕೊಟ್ಟರೂ ಪಕ್ಕದಿಂದ ಕದಲುತ್ತಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಎರಡೂವರೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ತಾವಿಟ್ಟಿದ್ದ ಸಣ್ಣ ಚುಕ್ಕೆಗಳನ್ನು ತೋರಿಸಿದರು. ಬೇರೆ ಪಾಳಿಯವರು ಎರಡೂವರೆ ಎಂದು ಬರೆದಿದ್ದ ಆ ಮಕ್ಕಳ ಮನೆಗೆ ಹೋಗಿ ಮತ್ತೆ ತೂಗಿ ಬರುತ್ತಿದ್ದರಂತೆ. ಬಹಳ ಹಿಂದೆ, ಮಗು ಸಣ್ಣದೆಂದು ಸೊಸೆಯ ಮೇಲೆ ಮಾತು ಬರಬಾರದೆಂದು ಮನೆಯವರು ಬೇಡಿಕೊಂಡಾಗ, ಅವರೇ ಒಂದು ಮಗುವಿಗೆ ಎರಡೂವರೆ ಎಂದು ಬರೆದು ಮನೆಗೆ ಕಳಿಸಿದ್ದರು.

“ಅದು ವಾರ ಬದುಕಲಿಲ್ಲ, ತಂಗಿ. ಅಂದಿಂದ ನಂಗೆ ನನ್ನ ಕಣ್ಣಿನ ಮೇಲೂ ನಂಬಿಕೆ ಇಲ್ಲ.”

ಅಂದೇ ಮಧ್ಯಾಹ್ನ ನನ್ನನ್ನು ಕಡಲ ದಂಡೆಯ ಮೀನುಗಾರರ ಮನೆಯೊಂದಕ್ಕೆ ಕರೆದೊಯ್ದರು. ಮೂರು ದಿನದ ಹೆಣ್ಣು ಮಗು, ರಿಜಿಸ್ಟರಿನಲ್ಲಿ ಎರಡೂವರೆ. ತೂಗಿದರೆ ದೃಷ್ಟಿಯಾಗುತ್ತದೆಂದು ಅಜ್ಜಿ ಅಡ್ಡ ನಿಂತಳು. ನರ್ಸಬಾಯಿ ವಾದಿಸಲಿಲ್ಲ. ಅವಳ ಕೈಯನ್ನೇ ಹಿಡಿದು ಮಗುವಿನ ಪಾದದ ಮೇಲಿಟ್ಟರು. ಪಾದ ತಣ್ಣಗಿತ್ತು. ಅಜ್ಜಿ ಪಕ್ಕಕ್ಕೆ ಸರಿದಳು. ಜೊತೆಗೆ ತಂದಿದ್ದ ತಕ್ಕಡಿಯಲ್ಲಿ ಎರಡು ಕಿಲೋವೂ ತುಂಬಲಿಲ್ಲ. ಮೂರು ದಿನದಲ್ಲಿ ಇಷ್ಟು ಇಳಿಯುವುದಿಲ್ಲ ಎಂದವರೇ, ಮಗುವನ್ನು ತಾಯಿಯ ಬರಿ ಎದೆಗೆ ಒತ್ತಿ ಮಲಗಿಸಿ, ಮೇಲಿಂದ ಸೀರೆ ಬಿಗಿದು, ರಿಕ್ಷಾ ಹತ್ತಿಸಿ ಕಾರವಾರದ ದೊಡ್ಡ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಚೆಂಡಿಯಾ ಊರು ದಾಟುವವರೆಗೂ ಮಗು ಅಳಲಿಲ್ಲ. ಆಮೇಲೆ ಸಣ್ಣಗೆ ಅತ್ತಿತು. ತಾಯಿಯೂ ಅತ್ತಳು. ಮಗು ಉಳಿಯಿತು.

ನರ್ಸಬಾಯಿ ತೀರಿಕೊಂಡು ವರ್ಷವಾಯಿತು. ಕೊನೆಯ ಸಲ ಮಾತಾಡಿದ್ದು ಫೋನಿನಲ್ಲಿ. ಅಧ್ಯಯನದ ವರದಿಯಲ್ಲಿ ಆ ಎರಡೂವರೆಗಳನ್ನೆಲ್ಲ ನಂಬಲಾಗದ ತೂಕಗಳೆಂದು ನಾನು ಬೇರೆಯಾಗಿಯೇ ತೋರಿಸಿದ್ದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

“ಆ ಮಕ್ಕಳ ಮನೆಗೆ ಮತ್ತೆ ಹೋಗಿದ್ಯೇನೆ?”

ಇಲ್ಲವೆಂದೆ.

“ಹಂಗಾರೆ ಯಾರಿಗಾಗಿ ಬರೆದ್ಯೆ?”

ಆ ಫೋನಿನ ಮಾರನೆಯ ಬೆಳಿಗ್ಗೆ ಅಂಕೋಲಾ ಬಳಿಯ ಬಾಳೆಗುಳಿಯಲ್ಲಿ ಬಸ್ಸಿಳಿದು, ಎರಡೂವರೆಯ ಮಕ್ಕಳ ಪಟ್ಟಿಯಲ್ಲಿದ್ದ ಮೊದಲ ಮನೆಗೆ ದಾರಿ ಕೇಳಿದೆ.