ಹೆಬರ್ ಹಾಕಿದ ಎರಡನೇ ಲೈನು

ಪೈಸಾಂದೂ ಊರಿನ ಹೆಬರ್ ತೆಚೆರಾ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಹೆಂಡತಿ ನಿಡಿಯಾಳಿಂದ ಬೇರೆಯಾದಾಗ ಬಟ್ಟೆಬರೆ, ಗಿಟಾರು ಎಲ್ಲ ಹೊತ್ತೊಯ್ದ. ಅವನೇ ಕಟ್ಟಿದ್ದ ಸರ್ವರ್ ಮಾತ್ರ ಅವಳ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲೇ ಉಳಿಯಿತು. ಅವನ ಬಾಡಿಗೆ ಕೋಣೆಗೆ ಇಂಟರ್ನೆಟ್ ಲೈನ್ ಇರಲಿಲ್ಲ. ಹಳೆಯ ಕಂಪ್ಯೂಟರೊಂದನ್ನೇ ಸರ್ವರ್ ಮಾಡಿ, ತಮ್ಮ ಬೀದಿಯ ಕಾರ್ನಿವಲ್ ತಂಡ ವರ್ಷಗಟ್ಟಲೆ ಹಾಡಿದ್ದನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದ. ಊರು ಬಿಟ್ಟವರೂ ಇದ್ದಲ್ಲಿಂದಲೇ ಕೇಳುತ್ತಿದ್ದರು.

ಗಾಳಿ ಜೋರಾದರೆ ಆ ಬೀದಿಯ ಲೈನ್ ಹೋಗುತ್ತಿತ್ತು. ಅದು ಮರಳಿ ಬಂದರೂ, ಯಾರಾದರೂ ಕೈಯಾರೆ ಜೋಡಿಸುವವರೆಗೆ ಸರ್ವರ್ ಏಳುತ್ತಿರಲಿಲ್ಲ. ಆಗ ನಿಡಿಯಾಳ ಫೋನು.

"ನಿನ್ನ ಹಾಡಿನ ಪೆಟ್ಟಿಗೆ ಮತ್ತೆ ಮುನಿಸ್ಕೊಂಡಿದೆ. ಬಂದು ಸಮಾಧಾನ ಮಾಡು."

ಅವನು ಒಗೆದ ಅಂಗಿ ತೊಟ್ಟು ಹೋಗುತ್ತಿದ್ದ. ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಮಾಟೆ ಕಷಾಯ ಹೀರುತ್ತ ಆಡುವ ಮಾತು ಮುಗಿಯುತ್ತಿರಲಿಲ್ಲ.

ಒಂದು ಸಲ ಅವಳೇ ಕೇಳಿದಳು. "ಲೈನ್ ಹೋದ್ರೂ ನಿನ್ನ ಕೋಣೇಲಿ ಕೂತೇ ಇದನ್ನ ನೋಡ್ಕೊಳ್ಳೋಕೆ ಆಗಲ್ವಾ?"

"ಆಗತ್ತೆ. ಸಿಮ್ ಹಾಕೋ ಇನ್ನೊಂದು ಮೋಡೆಮ್ ಇಟ್ರೆ, ದೊಡ್ಡ ಲೈನ್ ಸತ್ತಾಗ ಅದರ ಮೂಲಕ ಹಾಡೂ ಹೊರಗೆ ಹೋಗತ್ತೆ, ನಾನೂ ಅಲ್ಲಿಂದಲೇ ಸರ್ವರ್ ಒಳಗೆ ಬರಬಹುದು."

"ಮತ್ತೆ ಇಷ್ಟು ದಿನ ಯಾಕೆ ಇಡ್ಲಿಲ್ಲ?"

ಹೆಬರ್ ಮಾಟೆ ಲೋಟಕ್ಕೆ ಮತ್ತೆ ಬಿಸಿನೀರು ಸುರಿದ.

"ಬೈತಿಲ್ಲ ಮಾರಾಯ," ಅಂದಳು ನಿಡಿಯಾ. "ಗಾಳಿ ಬೀಸಿದ್ರೆ ನಾನೂ ಕಾಯ್ತಾ ಕೂತಿರ್ತೀನಿ, ಲೈನ್ ಹೋಗ್ಲಿ ಅಂತ. ನೀನು ಬಂದು ಹೋದ್ಮೇಲೆ ಮನೆ ತಿನ್ನೋಕೆ ಬರತ್ತೆ. ಒಟ್ಟಿಗೆ ಬಾಳೋದು ನಮ್ಮಿಂದ ಆಗಲ್ಲ, ನೋಡಿದ್ದಾಯ್ತಲ್ಲ. ಹಿಂಗಿರೋಕೂ ನನ್ನಿಂದ ಆಗ್ತಿಲ್ಲ."

ಮುಂದಿನ ಶನಿವಾರ ಅವನು ಹೊಸ ಮೋಡೆಮ್ ತಂದ. ಸಿಗ್ನಲ್ ಚೆನ್ನಾಗಿರಲೆಂದು ಕಿಟಕಿಯ ಪಕ್ಕ ಇಟ್ಟ. ದೊಡ್ಡ ಲೈನಿನ ತಂತಿ ಕಿತ್ತು ನೋಡಿದ. ಸರ್ವರ್ ಅವನ ಫೋನಿನಲ್ಲಿ ಸಲೀಸಾಗಿ ಸಿಕ್ಕಿತು. ಮೋಡೆಮ್ ಕೈಕೊಟ್ಟರೆ ತಾನಾಗಿ ಆರಿ ಹೊತ್ತಿಕೊಳ್ಳುವಂತೆಯೂ ಮಾಡಿದ. ಬೇಕೆಂದೇ ಏನಾದರೊಂದು ಕೊರತೆ ಉಳಿಸಬಹುದಿತ್ತು. ಅವಳ ಮಾತು ನೆನಪಾಗಿ ಮನಸ್ಸು ಬರಲಿಲ್ಲ.

"ಆಯ್ತಾ?"

"ಆಯ್ತು. ಇನ್ನು ನಾನು ಬರಬೇಕಾಗಿಲ್ಲ."

ಬಾಗಿಲವರೆಗೂ ಬಂದ ನಿಡಿಯಾ ಏನೋ ಹೇಳಹೊರಟು, "ಹುಷಾರಾಗಿ ಗಾಡಿ ಓಡ್ಸು" ಎಂದಷ್ಟೇ ಹೇಳಿದಳು.

ಆಗಸ್ಟ್ ಕೊನೆಗೆ, ವರ್ಷವೂ ಬರುವ ಸಾಂತಾ ರೋಸಾ ಬಿರುಗಾಳಿ ಬಂತು. ಅವಳ ಬೀದಿಯ ಲೈನ್ ಸತ್ತಿತು. ಹೆಬರ್ ತನ್ನ ಕೋಣೆಯಲ್ಲಿ ಕೂತು ಫೋನಿನಲ್ಲಿ ನೋಡಿದ: ಸರ್ವರ್ ನಿಧಾನವಾಗಿಯಾದರೂ ನಡೆಯುತ್ತಿತ್ತು. ಇಲ್ಲಿಂದಲೇ ಎರಡನೇ ಲೈನನ್ನು ಬಂದ್ ಮಾಡಿ, ಅದು ಕೆಟ್ಟಿತೆಂದು ಹೇಳಿ ಅವಳ ಮನೆಗೆ ಹೋಗಬಹುದಿತ್ತು. ಅದಕ್ಕೆ ಬೇಕಾದ ಆದೇಶವನ್ನು ಟೈಪ್ ಮಾಡಿದ, ಅಳಿಸಿದ. ಮತ್ತೆ ಟೈಪ್ ಮಾಡಿ ಮತ್ತೆ ಅಳಿಸಿದ.

ಸಂಜೆ ಫೋನು ರಿಂಗಾಯಿತು. ನಿಡಿಯಾಳೇ ಎಂದುಕೊಂಡು ಮೊದಲ ರಿಂಗಿಗೇ ಎತ್ತಿದ. ಮಾತಾಡಿದವನು ತಂಡದಲ್ಲಿ ಡೋಲು ಬಡಿಯುವ ಗೆಳೆಯ ಅಸ್ದ್ರುಬಾಲ್.

"ಲೋ, ಇಲ್ಲೆಲ್ಲ ನೆಟ್ ಸತ್ತಿದೆ, ಮೊಂತೆವಿದೇಯೋದಲ್ಲಿ ನನ್ನ ಮಗಳು ಮಾತ್ರ ನಮ್ಮ ಹಾಡು ಕೇಳ್ತಾ ಕೂತಿದ್ದಾಳೆ. ಏನೋ ಮಾಡ್ದೆ?"

"ಇನ್ನೊಂದು ಲೈನ್ ಹಾಕಿದೀನಿ," ಎಂದ ಹೆಬರ್. "ಚೆನ್ನಾಗೇ ನಡೀತಿದೆ."

ಫೋನಿಟ್ಟು ಮಂಚದ ಅಂಚಿಗೆ ಕೂತ. ಹೊರಗೆ ಮಳೆ ನಿಂತ ಮೇಲೂ ಅವನ ಅಳು ನಿಲ್ಲಲಿಲ್ಲ.