ನನ್ನ ಫಿನೈಲ್ ಸಾಕ್ಷಿ

ಬೈಲಹೊಂಗಲದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವನು ನಾನು. ಟೆಸ್ಟ್‌ಟ್ಯೂಬ್ ಸರಿಯಾಗಿ ತೊಳೆಯದ ಎಷ್ಟೋ ಹುಡುಗರನ್ನು ಲ್ಯಾಬಿನಿಂದ ಆಚೆ ಕಳಿಸಿದ್ದೇನೆ. ಅಂಥ ನಾನು ಕಳೆದ ತಿಂಗಳು ಫೇಲಾದೆ. ಅದೂ ಇಡೀ ಊರಿನ ಮುಂದೆ, ಮೈಕಿನಲ್ಲಿ!

ಮನೋಳಿಯ ಆಚೆ, ಹೊಳೆಗೆ ಸೇರುವ ಒಂದು ಹಳ್ಳವಿದೆ. ಅದರ ಪಕ್ಕದಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಕೆಮಿಕಲ್ ಫ್ಯಾಕ್ಟರಿ. ನೀರು ಆಗಾಗ ಹಳದಿಯಾಗಿ ನಾರುತ್ತದೆ, ಎಮ್ಮೆಗಳ ಮೈಮೇಲೆ ಹುಣ್ಣು ಏಳುತ್ತಿವೆ ಎಂದು ಊರವರು ದೂರು ಕೊಟ್ಟಿದ್ದರು. ಮಾಲಿನ್ಯ ನಿಯಂತ್ರಣದ ಅಧಿಕಾರಿ ಎರಡು ಸಲ ಬಂದು ನೋಡಿದರು. ಎರಡೂ ಸಲ ನೀರು ತಿಳಿ. ಫ್ಯಾಕ್ಟರಿಯ ಶುದ್ಧೀಕರಣ ಘಟಕ ಗುರುಗುಟ್ಟುತ್ತ ನಡೆದಿತ್ತು. ಕೊನೆಗೊಂದು ಸಭೆ ಮಾಡಿ, ಏನೂ ಸಿಗದಿದ್ದರೆ ಫೈಲ್ ಕ್ಲೋಸ್ ಎಂದಾಯಿತು.

ಆಗ ಊರವರಿಗೆ ನೆನಪಾದವನು ನಾನು. (ಪೇಪರಿನಲ್ಲಿ ಪರಿಸರದ ಬಗ್ಗೆ ಬರೆಯುವುದರ ಅಪಾಯ ಇದೇ. ಯಾರೋ ಒಬ್ಬರು ಓದಿ ನಂಬಿಬಿಡುತ್ತಾರೆ.)

ಅಳಿಯನ ಕಾರು ಬಿಡುವಾಗಿದ್ದ ದಿನ ಹೋದೆ. ಐದು ಎಮ್ಮೆ ಸಾಕಿ ಹಾಲು ಮಾರುವ ನೀಲವ್ವ ಹಳ್ಳಕ್ಕೆ ಕರೆದೊಯ್ದರು. ನೀರು ಅರಿಶಿನ ಕದಡಿದಂತಿತ್ತು. "ಇದ ನೀರ ಕುಡದು ಎರಡ ತಿಂಗಳ ಕರ ಸತ್ತೈತ್ರಿ ಸರ," ಎಂದರು. ಆಮೇಲೆ ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ತೋರಿಸಿದರು. "ಎಮ್ಮಿ ನೀರಿಗಿ ಇಳಿಯಾಕ ಒಲ್ಲೆ ಅಂದ ದಿನಕ್ಕೆಲ್ಲಾ ಕಾಡಿಗಿ ಬೊಟ್ಟ ಇಟ್ಟೇನಿ. ಇದನ್ನೂ ಒಯ್ಯರಿ."

ನಾನು ನಕ್ಕೆ. "ನೀಲವ್ವಾರ, ಎಮ್ಮಿ ಸಾಕ್ಷಿ ನಡಿಯಂಗಿಲ್ರಿ. ಸೈನ್ಸ್ ಬೇಕು, ಸೈನ್ಸ್!"

ಸೈನ್ಸ್ ನನ್ನ ಕೈಯಲ್ಲೇ ಇತ್ತು. ಮನೆಯಿಂದ ತಂದ ಬಾಟಲಿಯಲ್ಲಿ ನೀರು ತುಂಬಿ ಬೆಳಗಾವಿಯ ಒಂದು ಲ್ಯಾಬಿಗೆ ಕಳಿಸಿದೆ. ರಿಪೋರ್ಟ್ ಬಂತು. ಫಿನಾಲ್ ಎಂಬ ವಿಷ ವಿಪರೀತ! ನಾನು ಕುಣಿದಾಡುವುದೊಂದು ಬಾಕಿ.

ಪಂಚಾಯಿತಿ ಎದುರು ಸಭೆ. ಅಧಿಕಾರಿ ಮೇಡಂ ಇದ್ದರು, ಫ್ಯಾಕ್ಟರಿ ಮ್ಯಾನೇಜರ್ ಇದ್ದರು, ಊರಿಗೆ ಊರೇ ಇತ್ತು. ನಾನು ಮೈಕ್ ಹಿಡಿದು ಅರ್ಧ ಗಂಟೆ ಫಿನಾಲ್ ಪುರಾಣ ಹೇಳಿದೆ. ಚಪ್ಪಾಳೆಗೆಂದು ನಡುನಡುವೆ ನಿಲ್ಲಿಸಿದ್ದೂ ಉಂಟು.

ಮ್ಯಾನೇಜರ್ ಸಾವಧಾನವಾಗಿ ರಿಪೋರ್ಟ್ ಓದಿದರು. "ಸರ್, ನಾವು ಫಿನಾಲ್ ಮುಟ್ಟೋದೇ ಇಲ್ಲ. ಇದರಲ್ಲಿ ಪೈನ್ ಎಣ್ಣೆ ಬೇರೆ ಇದೆ. ನೀರು ಯಾವ ಬಾಟಲಿಯಲ್ಲಿ ತುಂಬಿದ್ರಿ?"

ಆಗ ಹೊಳೆಯಿತು. ನಮ್ಮ ಬಚ್ಚಲುಮನೆ. ಕಿಟಕಿಯ ಮೇಲಿನ ಬಾಟಲಿ.

"ಒಂದ ಸಲ ತೊಳದಿದ್ದೆ," ಎಂದೆ.

"ಮೊದಲು ಅದರಲ್ಲಿ ಏನಿತ್ತು ಸರ್?"

"ಫಿನೈಲ್."

ಮೆಲ್ಲಗೇ ಹೇಳಿದ್ದೆ. ಆದರೆ ಮೈಕ್ ಆನ್ ಇತ್ತಲ್ಲ! ಸಭೆ ಹೊಟ್ಟೆ ಹಿಡಿದು ನಕ್ಕಿತು. ಮ್ಯಾನೇಜರ್ ಮಾತ್ರ ನಗಲಿಲ್ಲ. ಮೇಡಂ ಕಡೆ ತಿರುಗಿ, "ಇಂಥ ದೂರಿಗೆಲ್ಲ ಇನ್ನೆಷ್ಟು ಸಲ ಬರ್ತೀರಿ?" ಎಂದರು. ಮೇಡಂ ಫೈಲಿನ ದಾರ ಕಟ್ಟತೊಡಗಿದರು. ನನ್ನ ಮರ್ಯಾದೆ ಹೋದರೆ ಹೋಗಲಿ, ಒಂದು ಊರಿನ ನೀರಿನ ಪ್ರಶ್ನೆಯನ್ನೇ ಮುಳುಗಿಸಿಬಿಟ್ಟೆನಲ್ಲ?

ಹೆಂಗಸರ ಸಾಲಿನಿಂದ ನೀಲವ್ವ ಎದ್ದು ಬಂದರು. ಕಂಕುಳಲ್ಲಿದ್ದ ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿದರು.

"ಮೇಡಮ್ಮಾರ, ಸರ್ ಬಾಟ್ಲಿ ಬಿಡ್ರಿ. ಎಮ್ಮಿ ಹಳ್ಳಕ್ಕ ಇಳಿಯದ ದಿನಕ್ಕ ನಾ ಬೊಟ್ಟ ಇಟ್ಟೇನಿ. ನನಗ ಓದಾಕ ಬರಂಗಿಲ್ಲ. ಆದ್ರ ಬೊಟ್ಟೆಲ್ಲಾ ಕೆಂಪ ಅಂಕಿ ಬಾಜೂಕ ಯಾಕ ಬಂದಾವ, ನೀವ ಹೇಳ್ರಿ."

ಮೇಡಂ ತಿಂಗಳಿನ ಮೇಲೆ ತಿಂಗಳು ಹಾಳೆ ಮಗುಚಿದರು. ಒಂದೆರಡು ಬಿಟ್ಟರೆ ಎಲ್ಲ ಬೊಟ್ಟುಗಳೂ ರವಿವಾರ, ಹಬ್ಬ, ಸರ್ಕಾರಿ ರಜೆಯ ಕೆಂಪು ಅಂಕಿಗೇ ಅಂಟಿಕೊಂಡಿದ್ದವು. ತಲೆಯೆತ್ತಿ ನನ್ನನ್ನು ಕೇಳಿದರು. "ಸರ್, ನೀವು ಬಂದದ್ದು ಯಾವ ವಾರ?"

"ರವಿವಾರ," ಎಂದೆ. (ನಿವೃತ್ತನಿಗೆ ಎಲ್ಲ ದಿನವೂ ಒಂದೇ. ಅದಕ್ಕೇ ಹೊಳೆದಿರಲಿಲ್ಲ.)

"ಅವತ್ತ ನಮ್ಮ ಆಫೀಸಿಗಿ ಸೂಟಿ," ಎಂದರು ಮೇಡಂ, ಮ್ಯಾನೇಜರ್ ಮುಖವನ್ನೇ ನೋಡುತ್ತ. ಫೈಲಿನ ದಾರ ಬಿಚ್ಚಿದರು.

ಫ್ಯಾಕ್ಟರಿಯವರು ಮೈಮರೆಯಲೆಂದು ಎರಡು ರವಿವಾರ ಬಿಟ್ಟು, ಮೂರನೆಯ ರವಿವಾರ ಬೆಳಿಗ್ಗೆ ಮೇಡಂ ಯಾರಿಗೂ ಹೇಳದೆ ಬಂದರು. ಹಳ್ಳ ಹಳದಿಯಾಗಿತ್ತು. ಶುದ್ಧೀಕರಣ ಘಟಕ ಬಂದ್. ಕಂಪೌಂಡಿನ ಹಿಂದೆ, ಜಾಲಿ ಗಿಡಗಳ ಮರೆಯಲ್ಲಿ ಒಂದು ಪೈಪು ನೇರ ಹಳ್ಳಕ್ಕೆ ಬಾಯಿ ತೆರೆದಿತ್ತು. ತಮ್ಮದೇ ಬಾಟಲಿಗಳಲ್ಲಿ ನೀರು ತುಂಬಿ ಸೀಲ್ ಮಾಡಿದರು. (ಆ ಬಾಟಲಿಗಳು ಎಷ್ಟು ಸ್ವಚ್ಛವಾಗಿದ್ದವೆಂದು ಆಮೇಲೆ ಊರವರು ಬಣ್ಣಿಸಿದಾಗ ನನಗೆ ನಾಚಿಕೆಯಾಯಿತು.) ರಿಪೋರ್ಟ್ ಬಂದ ಮೇಲೆ ಫ್ಯಾಕ್ಟರಿಗೆ ನೋಟಿಸ್ ಹೋಯಿತು. ಪೈಪು ಕಿತ್ತು, ವ್ಯವಸ್ಥೆ ಸರಿಪಡಿಸುವ ತನಕ ಉತ್ಪಾದನೆ ನಿಲ್ಲಿಸಬೇಕೆಂದು ಆದೇಶವಾಗಿದೆ.

ಹಳ್ಳ ಇನ್ನೂ ಪೂರ್ತಿ ತಿಳಿಯಾಗಿಲ್ಲ. ಸತ್ತ ಕರು ತಿರುಗಿ ಬರುವುದೂ ಇಲ್ಲ. ತಪ್ಪಾಯಿತು ಎಂದು ಹೇಳಲು ನೀಲವ್ವನ ಮನೆಗೆ ಹೋದೆ. ಅವರು ಒಂದು ಚರಿಗೆ ಮಜ್ಜಿಗೆ ಕೊಟ್ಟು, "ಇರ್ಲಿ ಬಿಡ್ರಿ ಸರ. ನೀವು ಅಷ್ಟೊತ್ತ ಮಾತಾಡಿದ್ದಕ್ಕ ನನಗ ಮನಿಗಿ ಹೋಗಿ ಕ್ಯಾಲೆಂಡರ್ ತರಾಕ ಟೈಮ್ ಸಿಕ್ತು," ಎಂದರು. ನನ್ನ ಭಾಷಣಕ್ಕೆ ಈವರೆಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು.

ನಮ್ಮ ದೇಶದಲ್ಲಿ ನಿಯಮಗಳಿಗೇನೂ ಕೊರತೆ ಇಲ್ಲ. ಅವು ವಾರಕ್ಕೆ ಎಷ್ಟು ದಿನ ಡ್ಯೂಟಿ ಮೇಲಿರುತ್ತವೆ?